ಬಾಡಿಗೆ ಮನೆ ವಾಸಯೋಗ್ಯವಾಗಿ ಉಳಿಯದಿದ್ದಾಗ ಏನು ಮಾಡಬೇಕು?

2024ರ ಅಕ್ಟೋಬರ್ ಮಳೆಗೆ ಯಲಹಂಕದ ಕೇಂದ್ರೀಯ ವಿಹಾರ ವಸತಿ ಸಮುಚ್ಚಯ ಜಲಾವೃತವಾಗಿ, ನಿವಾಸಿಗಳನ್ನು ದೋಣಿಗಳಲ್ಲಿ ಹೊರತರಬೇಕಾಯಿತು. ಇಂಥ ಹೊತ್ತಿನಲ್ಲಿ ಬಾಡಿಗೆದಾರರ ಚಿಂತೆಯೇ ಬೇರೆ: ಇರಲಾಗದ ಮನೆಗೆ ಬಾಡಿಗೆ ಕಟ್ಟಬೇಕೆ, ಕೊಟ್ಟ ಮುಂಗಡ ಮರಳುತ್ತದೆಯೆ? ಮನೆಗೆ ಬೀಗ ಹಾಕಿ, ಬಾಡಿಗೆ ನಿಲ್ಲಿಸಿ ಸುಮ್ಮನಾಗುವುದು ಅನೇಕರು ಮಾಡುವ ತಪ್ಪು. ಕರಾರು ತಾನಾಗಿಯೇ ಮುಗಿಯುವುದಿಲ್ಲ.

ಮೊದಲು ಸಾಕ್ಷ್ಯ ಸಂಗ್ರಹಿಸಿ. ಕೆಸರು ತೊಳೆಯುವ ಆತುರದಲ್ಲಿ ಸಾಕ್ಷ್ಯವೂ ತೊಳೆದುಹೋಗುವುದುಂಟು. ಗೋಡೆಯ ಮೇಲಿನ ನೀರಿನ ಗುರುತು, ಬಿರುಕು, ಕುಸಿದ ತಾರಸಿ, ಮೀಟರ್ ಬೋರ್ಡ್, ಸಂಪು ಇವೆಲ್ಲದರ ಚಿತ್ರಗಳನ್ನು ದಿನಾಂಕ ಸಹಿತ ತೆಗೆದಿಡಿ. ಸ್ಥಳೀಯ ಸಂಸ್ಥೆ ಕಟ್ಟಡ ಅಪಾಯಕಾರಿ ಎಂದು ನೋಟಿಸ್ ಅಂಟಿಸಿದ್ದರೆ ಅದರ ಪ್ರತಿ ಎಲ್ಲಕ್ಕಿಂತ ಬಲವಾದ ದಾಖಲೆ.

ಬಳಿಕ ಕರಾರು ಪತ್ರವನ್ನು ಓದಿ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ ಬಾಡಿಗೆದಾರರಿಗೆ ನೀಡುವ ಹಕ್ಕುಗಳು, ಕರಾರಿನಲ್ಲಿ ಅದಕ್ಕೆ ವಿರುದ್ಧವಾದ ಷರತ್ತು ಇಲ್ಲದಿದ್ದರೆ ಮಾತ್ರ ಅನ್ವಯಿಸುತ್ತವೆ. ಹನ್ನೊಂದು ತಿಂಗಳ ಕರಾರಿಗೆ ಕಣ್ಣುಮುಚ್ಚಿ ಸಹಿ ಹಾಕುವವರು ಈ ಸಾಲನ್ನು ನೆನಪಿಡಬೇಕು.

ಮೂರನೆಯದಾಗಿ, ಹಾನಿ ಯಾವ ಬಗೆಯದು ಎಂಬುದನ್ನು ನಿರ್ಧರಿಸಬೇಕು. ಇಡೀ ವಿಷಯದ ಜೀವಾಳ ಇಲ್ಲಿದೆ. 108ನೇ ಕಲಂ ಪ್ರಕಾರ, ಬೆಂಕಿ, ಬಿರುಗಾಳಿ, ಪ್ರವಾಹ ಅಥವಾ ತಡೆಯಲಾಗದ ಬೇರಾವುದೇ ಶಕ್ತಿಯಿಂದ ಮನೆಯ ಮುಖ್ಯ ಭಾಗ ಪೂರ್ಣ ನಾಶವಾಗಿದ್ದರೆ ಅಥವಾ ಬಹುಮಟ್ಟಿಗೆ, ಶಾಶ್ವತವಾಗಿ ವಾಸಕ್ಕೆ ಅಯೋಗ್ಯವಾಗಿದ್ದರೆ, ಕರಾರನ್ನು ಶೂನ್ಯವೆಂದು ಪರಿಗಣಿಸುವ ಆಯ್ಕೆ ಬಾಡಿಗೆದಾರರದು, ಮಾಲೀಕರದಲ್ಲ. ಹಾನಿಗೆ ಬಾಡಿಗೆದಾರರ ತಪ್ಪೇ ಕಾರಣವಾಗಿದ್ದರೆ ಮಾತ್ರ ಈ ಆಯ್ಕೆ ಇಲ್ಲ. 'ಶಾಶ್ವತವಾಗಿ' ಎಂಬ ಪದ ಗಮನಿಸಿ. ವಾರದಲ್ಲಿ ಇಳಿಯುವ ನೀರು ಅಥವಾ ಸೋರುವ ಬಚ್ಚಲು ಇದರಡಿ ಬರುವುದು ಕಷ್ಟ. ಕೊರೊನಾ ಲಾಕ್‌ಡೌನ್‌ನಲ್ಲಿ ಜಾಗವನ್ನು ಬಳಸಲಾಗಲಿಲ್ಲ ಎಂಬ ಮಾತ್ರಕ್ಕೆ ಈ ಕಲಂ ಅನ್ವಯಿಸುವುದಿಲ್ಲವೆಂದು ದೆಹಲಿ ಹೈಕೋರ್ಟ್ 2020ರಲ್ಲಿ ಹೇಳಿತು. ಮನೆಯನ್ನು ತಮ್ಮ ಸ್ವಾಧೀನದಲ್ಲೇ ಇಟ್ಟುಕೊಂಡು ಬಾಡಿಗೆ ಮಾತ್ರ ನಿಲ್ಲಿಸುವ ಹಕ್ಕನ್ನೂ ಇದು ಕೊಡುವುದಿಲ್ಲ.

ದುರಸ್ತಿಯಾಗಬಲ್ಲ ಹಾನಿಗೆ ದಾರಿ ಬೇರೆ. ಮಾಲೀಕರು ಮಾಡಿಕೊಡಲು ಬದ್ಧರಾಗಿರುವ ದುರಸ್ತಿಯನ್ನು ನೋಟಿಸ್ ಕೊಟ್ಟ ಮೇಲೂ ತಕ್ಕ ಸಮಯದಲ್ಲಿ ಮಾಡಿಸದಿದ್ದರೆ, ಬಾಡಿಗೆದಾರರು ತಾವೇ ಮಾಡಿಸಿ ಖರ್ಚನ್ನು ಬಡ್ಡಿಸಹಿತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ತೊಡಕಿರುವುದು 'ಬದ್ಧರಾಗಿರುವ' ಎಂಬಲ್ಲಿ. ದುರಸ್ತಿ ಮಾಲೀಕರದು ಎಂದು ಕರಾರಿನಲ್ಲಿ ಬರೆಸಿಕೊಂಡಿದ್ದರೆ ವಾದ ಸುಲಭವಾಗುತ್ತದೆ. ಕರ್ನಾಟಕ ಬಾಡಿಗೆ ಕಾಯ್ದೆ, 1999 ಇದೆಯಲ್ಲ ಎನ್ನಬಹುದು. ಆದರೆ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದೆಡೆ 2,000 ರೂಪಾಯಿ ಮೀರಿದ ಮನೆಗಳು ಅದರ ವ್ಯಾಪ್ತಿಗೆ ಬರುವುದಿಲ್ಲ. ಇಂದು ಬೆಂಗಳೂರಿನಲ್ಲಿ ಆ ಮೊತ್ತಕ್ಕೆ ಒಂದು ಕೋಣೆಯೂ ಸಿಗುವುದು ಅಪರೂಪ. ಕೇಂದ್ರ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ, ವಿಕೋಪದಿಂದ ಮನೆ ವಾಸಯೋಗ್ಯವಲ್ಲದಂತಾದರೆ ಅದು ಸರಿಹೋಗುವವರೆಗೆ ಬಾಡಿಗೆ ಕೇಳಬಾರದು ಎಂಬ ನಿಯಮವಿದೆ. ಆದರೆ ಅದು ಮಾದರಿಯಷ್ಟೇ; ರಾಜ್ಯ ತನ್ನದೇ ಶಾಸನ ಮಾಡಿದಲ್ಲಿ ಮಾತ್ರ ಬಲ ಬರುತ್ತದೆ.

ಈಗ ನೋಟಿಸ್. ಹಾನಿಯಾದ ದಿನಾಂಕ, ಅದರ ಸ್ವರೂಪ, ಕರಾರು ಮುಗಿಸುತ್ತಿದ್ದೀರೋ ದುರಸ್ತಿ ಕೇಳುತ್ತಿದ್ದೀರೋ ಎಂಬುದು, ದುರಸ್ತಿಯಾದರೆ ಅದಕ್ಕೆ ಕೊಡುವ ಗಡುವು, ಇವಿಷ್ಟನ್ನು ಸ್ಪಷ್ಟವಾಗಿ ಬರೆದು ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ, ರಸೀದಿ ಇಟ್ಟುಕೊಳ್ಳಿ. ವಾಟ್ಸ್ಆ್ಯಪ್‌ನಲ್ಲೂ ಕಳುಹಿಸಬಹುದು, ಆದರೆ ಅದೊಂದನ್ನೇ ನಂಬಬೇಡಿ. ಕರಾರು ಮುಗಿಸುವುದಾದರೆ ಸಾಮಾನು ತೆರವು ಮಾಡಿ, ಬೀಗದ ಕೈ ಒಪ್ಪಿಸಿದ್ದಕ್ಕೆ ಸಹಿ ಪಡೆಯಿರಿ. ಮಾಲೀಕರು ಬೀಗದ ಕೈ ತೆಗೆದುಕೊಳ್ಳಲು ಒಪ್ಪದಿದ್ದರೆ ಅದನ್ನೂ ಪತ್ರದಲ್ಲಿ ದಾಖಲಿಸಿ.

ಮುಂಗಡ ಮರಳದಿದ್ದರೆ ವಕೀಲರ ನೋಟಿಸ್, ಬಳಿಕ ಸಿವಿಲ್ ನ್ಯಾಯಾಲಯ. ಹಣ ವಸೂಲಿ ದಾವೆಗೆ ಸಾಮಾನ್ಯವಾಗಿ ಮೂರು ವರ್ಷಗಳ ಕಾಲಮಿತಿ ಇರುವುದರಿಂದ 'ಮುಂದಿನ ತಿಂಗಳು ಕೊಡ್ತೀನಿ' ಎಂಬ ಮಾತನ್ನು ನಂಬಿ ವರ್ಷಗಳನ್ನು ಕಳೆಯಬೇಡಿ. ವಕೀಲರಿಗೆ ಕೊಡಲು ಹಣವಿಲ್ಲದವರು ಕಾನೂನು ಸೇವಾ ಪ್ರಾಧಿಕಾರದ 15100 ಸಂಖ್ಯೆಗೆ ಕರೆ ಮಾಡಬಹುದು. ಮಹಿಳೆಯರು ಮತ್ತು ಪರಿಶಿಷ್ಟರಷ್ಟೇ ಅಲ್ಲ, ಪ್ರವಾಹದ ಸಂತ್ರಸ್ತರೂ ಉಚಿತ ನೆರವಿಗೆ ಅರ್ಹರ ಪಟ್ಟಿಯಲ್ಲಿದ್ದಾರೆ.