ಒಂದು ಕೋರೆಹಲ್ಲು ನನಗೆ ಹೇಳಿದ್ದು

ಮಣ್ಣಿನಲ್ಲಿ ಎಲುಬು ಕಂಡ ತಕ್ಷಣ ಎತ್ತಿ ನೋಡಬೇಕು ಅನ್ನಿಸುತ್ತದೆ. ಹಳೆಯ ಸಮಾಧಿಗಳನ್ನು ಅಗೆದು ಎಲುಬು ಪರೀಕ್ಷಿಸುವ ಈ ಕೆಲಸದಲ್ಲಿ ನಾನು ಮೊದಲು ಕಲಿತದ್ದು ಆ ಕೈಯನ್ನು ತಡೆದುಕೊಳ್ಳುವುದನ್ನು. ಎತ್ತಿದ ಮೇಲೆ ಎಲುಬೇನೋ ಉಳಿಯುತ್ತದೆ, ಅದು ಮಲಗಿದ್ದ ರೀತಿ ಉಳಿಯುವುದಿಲ್ಲ. ತಲೆ ಯಾವ ದಿಕ್ಕಿಗಿತ್ತು, ಕೈ ಎದೆಯ ಮೇಲಿತ್ತಾ, ಪಕ್ಕದಲ್ಲಿತ್ತಾ, ಎಲ್ಲವೂ ಫೋಟೋ ಮತ್ತು ನಕ್ಷೆಗೆ ಬಂದ ಮೇಲೆಯೇ ಮುಂದಿನ ಕೆಲಸ.

ಗಂಡೋ ಹೆಣ್ಣೋ ಅಂತ ತಿಳಿಯಲು ಪೊಲೀಸ್ ಕೇಸುಗಳಲ್ಲಿ ನೋಡುವ ಹಾಗೆ ನಾವೂ ಸೊಂಟದ ಎಲುಬನ್ನೇ ನೋಡುತ್ತೇವೆ. ಆದರೆ ನನ್ನ ಮನಸ್ಸು ಓಡುವುದು ಹಲ್ಲಿನ ಕಡೆಗೆ. ಎಲುಬು ಜೀವ ಇರುವವರೆಗೂ ಹಳೆಯದನ್ನು ಕರಗಿಸಿ ಹೊಸದನ್ನು ಕಟ್ಟುತ್ತಲೇ ಇರುತ್ತದೆ. ಹಲ್ಲಿನ ಎನಾಮಲ್, ಅಂದರೆ ಹೊರಗಿನ ಗಟ್ಟಿ ಪದರ, ಹಾಗಲ್ಲ. ಚಿಕ್ಕಂದಿನಲ್ಲಿ ಒಮ್ಮೆ ಕಟ್ಟಿದ್ದು ಮತ್ತೆ ಬದಲಾಗುವುದಿಲ್ಲ.

ಒಮ್ಮೆ ಒಬ್ಬ ಹೆಂಗಸಿನ ಕೋರೆಹಲ್ಲನ್ನು ದೀಪಕ್ಕೆ ಓರೆಯಾಗಿ ಹಿಡಿದೆ. ಅಡ್ಡಕ್ಕೆ ಎರಡು ಗೆರೆ, ಒಂದರ ಕೆಳಗೊಂದು. ಎನಾಮಲ್ ತುದಿಯಿಂದ ಬುಡದ ಕಡೆಗೆ ಬೆಳೆಯುತ್ತದೆ. ಜೋರು ಕಾಯಿಲೆಯೋ ಹೊಟ್ಟೆಗಿಲ್ಲದ ದಿನಗಳೋ ಬಂದರೆ ಅಲ್ಲಿಗೆ ತಡೆದು ಹೀಗೆ ಗೆರೆ ಬೀಳುತ್ತದೆ. ಗೆರೆ ಇದ್ದ ಜಾಗ ನೋಡಿದರೆ ಆಗ ಅವಳಿಗೆ ಮೂರು ನಾಲ್ಕು ವರ್ಷ ಇದ್ದಿರಬೇಕು. ಎರಡನೇ ಗೆರೆಯ ಆಚೆ ಎನಾಮಲ್ ಮತ್ತೆ ನುಣ್ಣಗೆ ಬೆಳೆದಿತ್ತು. ಮಗು ಎರಡು ಸಲವೂ ಚೇತರಿಸಿಕೊಂಡಿತ್ತು. ಯಾರೋ ಪಕ್ಕದಲ್ಲಿ ಕೂತು ನೋಡಿಕೊಂಡಿರಬೇಕು, ಅಲ್ವಾ? ಹಲ್ಲು ಅದನ್ನು ಹೇಳುವುದಿಲ್ಲ. ಹಾಗಾಗಿ ವರದಿಯಲ್ಲಿ ನಾನು ಬರೆಯಲಿಲ್ಲ.

ಬೆಳೆದ ಊರಿನ ಗುರುತೂ ಹಲ್ಲಿನಲ್ಲಿರುತ್ತದೆ. ಅಲ್ಲಿನ ಬಂಡೆ, ಮಣ್ಣಿನಲ್ಲಿರುವ ಸ್ಟ್ರಾನ್ಷಿಯಂ ಎಂಬ ಧಾತು ಊಟ, ನೀರಿನ ಮೂಲಕ ಎನಾಮಲ್ ಸೇರುತ್ತದೆ. 1991ರಲ್ಲಿ ಯುರೋಪಿನ ಆಲ್ಪ್ಸ್ ಬೆಟ್ಟಗಳ ಹಿಮದಲ್ಲಿ ಹೆಣವಾಗಿ ಸಿಕ್ಕ, 5,000 ವರ್ಷಕ್ಕೂ ಹಳೆಯ ಓಟ್ಸಿ ಎಂಬ ಮನುಷ್ಯನ ಬಾಲ್ಯ ಆ ಬೆಟ್ಟಗಳ ದಕ್ಷಿಣದ ಕಣಿವೆಯಲ್ಲಿ ಕಳೆದಿತ್ತು ಅಂತ ಗೊತ್ತಾಗಿದ್ದು ಇಂಥ ಪರೀಕ್ಷೆಗಳಿಂದಲೇ. ಅವನ ಎಡ ಭುಜದಲ್ಲಿ ಬಾಣದ ಮೊನೆ ಇರುವುದು ಎಕ್ಸ್‌ರೇಯಲ್ಲಿ ಕಂಡಿದ್ದು 2001ರಲ್ಲಿ, ಹತ್ತು ವರ್ಷ ಆದ ಮೇಲೆ.

ಹೊಸದರಲ್ಲಿ ನಾನು ಒಂದು ದವಡೆಯ ಹಲ್ಲುಗಳನ್ನು ನೀರು ಹಾಕಿ ಚೆನ್ನಾಗಿ ಉಜ್ಜಿ ತೊಳೆದಿದ್ದೆ. ಹಲ್ಲಿಗೆ ಕಲ್ಲಿನಂತೆ ಅಂಟಿದ್ದ ಕಿಟ್ಟವೆಲ್ಲ ಉದುರಿ ನೀರಿನ ಜೊತೆ ಹೋಯಿತು. ತಿಂದ ಕಾಳಿನ ಪಿಷ್ಟದ ಕಣ, ಬಾಯಿಯ ಬ್ಯಾಕ್ಟೀರಿಯಾದ ಡಿಎನ್‌ಎ ಎಲ್ಲ ಸಿಗುವುದು ಆ ಕಿಟ್ಟದಲ್ಲೇ. ಇವತ್ತಿಗೂ ನೆನೆಸಿಕೊಂಡರೆ ಸಂಕಟ ಆಗುತ್ತದೆ. ಈಗ ಕೈಗವಸು, ಮಾಸ್ಕ್ ಹಾಕಿಕೊಂಡು, ಮೊದಲು ಕಿಟ್ಟವನ್ನು ಬೇರೆ ತೆಗೆದಿಟ್ಟು ಆಮೇಲೆ ಹಲ್ಲು ಮುಟ್ಟುತ್ತೇನೆ.

ಪರೀಕ್ಷೆಗೆ ಅಂತ ಎನಾಮಲ್ ಕೊರೆದರೆ ಆ ಭಾಗ ಹೋದ ಹಾಗೆಯೇ. ಅದಕ್ಕೇ ಆ ಹೆಂಗಸಿನ ಇನ್ನೊಂದು ಬದಿಯ ಕೋರೆಹಲ್ಲನ್ನು ನಾವು ಕೊರೆಯಲಿಲ್ಲ. ಮುಂದೆ ನಮಗಿಂತ ಒಳ್ಳೆಯ ಸಾಧನ ಇರುವವರು ನೋಡಲಿ ಅಂತ ಹಾಗೆಯೇ ಡಬ್ಬಿಯಲ್ಲಿ ಇಟ್ಟಿದ್ದೇವೆ.