ಬಾಲ, ಸುರುಳಿ ಇರುವ ಅಕ್ಷರ ಫಾಂಟಿನಲ್ಲೇ ಇದೆ, ಹೊರಗೆ ತೆಗೆಯುವುದು ಹೀಗೆ

ಸ್ಕ್ರಿಪ್ಟ್ ಫಾಂಟ್ (ಕೈಬರಹದ ಥರ ಕೂಡಿಸಿ ಬರೆದ ಇಂಗ್ಲಿಷ್ ಅಕ್ಷರ) ಕೊಳ್ಳುವಾಗ ತೋರಿಸುವ ಚಿತ್ರದಲ್ಲಿ ಉದ್ದ ಬಾಲ, ಸುರುಳಿ, ಹೃದಯ ಎಲ್ಲಾ ಇರುತ್ತದೆ. ನಾವು ಟೈಪ್ ಮಾಡಿದರೆ ಸಾದಾ ಅಕ್ಷರ ಬರುತ್ತದೆ. ಫಾಂಟ್ ಕೆಟ್ಟಿಲ್ಲ. ಆ ಅಕ್ಷರಗಳು ಒಳಗೇ ಇವೆ, ಕೀಬೋರ್ಡಿಗೆ ಸಿಗುವುದಿಲ್ಲ ಅಷ್ಟೇ. ಕಲಬುರಗಿಯಲ್ಲಿ ಮದುವೆ ಕಾರಿಗೆ, ಅಂಗಡಿ ಗಾಜಿಗೆ ರೇಡಿಯಂ ಕಟಿಂಗ್ (ಅಂಟುವ ಶೀಟಿನಲ್ಲಿ ಅಕ್ಷರ ಕತ್ತರಿಸುವ ಕೆಲಸ) ಮಾಡುವವರಿಗೆ ಇದು ಗೊತ್ತಿರಲೇಬೇಕು, ಯಾಕೆಂದರೆ ಗಿರಾಕಿ ಕೇಳುವುದೇ ಆ ಬಾಲದ ಅಕ್ಷರವನ್ನು.

ಕೊಳ್ಳುವ ಮೊದಲೇ ವಿವರದಲ್ಲಿ 'ಪಿಯುಎ ಎನ್‌ಕೋಡೆಡ್' ಅಂತ ಇದೆಯಾ ನೋಡಿ (ಪಿಯುಎ ಅಂದರೆ ಪ್ರೈವೇಟ್ ಯೂಸ್ ಏರಿಯಾ, ಫಾಂಟ್ ಮಾಡುವವರು ತಮ್ಮ ಅಕ್ಷರ ಇಡಲು ಯೂನಿಕೋಡ್‌ನಲ್ಲಿ ಬಿಟ್ಟ ಜಾಗ). ಹಾಗಿದ್ದರೆ ಪ್ರತಿ ಅಲಂಕಾರದ ಅಕ್ಷರಕ್ಕೂ ತನ್ನದೇ ಯೂನಿಕೋಡ್ ಸಂಖ್ಯೆ ಇರುತ್ತದೆ, ಕಾಪಿ ಮಾಡಬಹುದು.

ವಿಂಡೋಸ್‌ನಲ್ಲಿ ಕ್ಯಾರೆಕ್ಟರ್ ಮ್ಯಾಪ್ ತೆರೆದು ಫಾಂಟ್ ಆರಿಸಿ, ಕೆಳಗಿನವರೆಗೆ ಹೋಗಿ. ಬೇಕಾದ ಅಕ್ಷರ ಸೆಲೆಕ್ಟ್ ಮಾಡಿ, ಕಾಪಿ ಮಾಡಿ, ಕಟಿಂಗ್ ಮಷೀನಿನ ಸಾಫ್ಟ್‌ವೇರ್ ಆದ ಕ್ರಿಕಟ್ ಡಿಸೈನ್ ಸ್ಪೇಸ್‌ನಲ್ಲಿ ಸಾದಾ ಅಕ್ಷರ ಅಳಿಸಿ ಅದೇ ಜಾಗಕ್ಕೆ ಪೇಸ್ಟ್ ಮಾಡಿ. ಖಾಲಿ ಚೌಕ ಕಂಡರೆ ಗಾಬರಿ ಬೇಡ, ಅದೇ ಫಾಂಟ್ ಆರಿಸಿದ ಕೂಡಲೇ ಅಕ್ಷರ ಕಾಣುತ್ತದೆ. ಮ್ಯಾಕ್‌ನಲ್ಲಿ ಈ ಕೆಲಸ ಫಾಂಟ್ ಬುಕ್‌ನಿಂದ ಆಗುತ್ತದೆ. ಇನ್ನೊಂದು ಕಟಿಂಗ್ ಸಾಫ್ಟ್‌ವೇರ್ ಸಿಲೂಯೆಟ್ ಸ್ಟುಡಿಯೋ ಡಿಸೈನರ್ ಎಡಿಷನ್‌ನಲ್ಲಂತೂ ಫಾಂಟಿನ ಎಲ್ಲ ಅಕ್ಷರ ರೂಪ ತೋರಿಸುವ ಗ್ಲಿಫ್ ಪ್ಯಾನೆಲ್ಲೇ ಇದೆ.

ಇನ್ನು ವೆಲ್ಡ್, ಅಂದರೆ ಅಕ್ಷರಗಳನ್ನು ಬೆಸೆದು ಒಂದೇ ಆಕಾರ ಮಾಡುವುದು. ಇದನ್ನು ಬಿಟ್ಟರೆ ಅಕ್ಷರ ಅಕ್ಷರ ಸೇರುವ ಕಡೆಯೆಲ್ಲ ಬ್ಲೇಡ್ ಕತ್ತರಿಸುತ್ತದೆ, ಶೀಟ್ ಹಾಳು. ಮೊದಲು ಅಕ್ಷರಗಳ ನಡುವಿನ ಅಂತರ ಕಡಿಮೆ ಮಾಡಿ, ಒಂದರ ಮೇಲೊಂದು ಸ್ವಲ್ಪ ಕೂತ ಮೇಲೆ ವೆಲ್ಡ್ ಕೊಡಿ. ವೆಲ್ಡ್ ಆದ ಮೇಲೆ ಕಾಗುಣಿತ ತಿದ್ದಲು ಆಗುವುದಿಲ್ಲ, ಅದಕ್ಕೇ ಒಂದು ನಕಲು ಇಟ್ಟುಕೊಂಡಿರಿ. ಒಂದು ಹೆಸರಿಗೆ ಒಂದೇ ಬಾಲ ಸಾಕು, ಮೊದಲ ಅಕ್ಷರಕ್ಕೋ ಕೊನೆಯದಕ್ಕೋ. ಎಲ್ಲದಕ್ಕೂ ಹಾಕಿದರೆ ಹೆಸರು ಓದಲು ಬರುವುದಿಲ್ಲ, ಅಲ್ವಾ? ತುಂಬಾ ಸಪೂರ ಬಾಲ ಸಣ್ಣ ಸೈಜಿನಲ್ಲಿ ವೀಡಿಂಗ್ (ಬೇಡದ ಶೀಟ್ ಕಿತ್ತು ತೆಗೆಯುವುದು) ಮಾಡುವಾಗ ಎದ್ದು ಬರುತ್ತದೆ.

ಕನ್ನಡದ ಕೆಲಸಕ್ಕೆ ದಾರಿ ಬೇರೆ. 'ಶರಣಬಸವೇಶ್ವರ' ಅಂತ ಬರೆದರೆ ಕೆಲವು ಕಟಿಂಗ್ ಸಾಫ್ಟ್‌ವೇರ್‌ಗೆ ಒತ್ತಕ್ಷರ ಸರಿಯಾಗಿ ಕೂರಿಸಲು ಬರುವುದಿಲ್ಲ. ಇಂಕ್‌ಸ್ಕೇಪ್ ಅನ್ನುವ ಡ್ರಾಯಿಂಗ್ ಸಾಫ್ಟ್‌ವೇರ್ ಉಚಿತ, ಅದರಲ್ಲಿ ಯೂನಿಕೋಡ್ ಕನ್ನಡ ಚೆನ್ನಾಗಿ ಬರುತ್ತದೆ. ಬಲೂ ತಮ್ಮ 2 ಥರದ ದಪ್ಪ ಫಾಂಟ್‌ನಲ್ಲಿ ಬರೆಯಿರಿ, ಪಾತ್ ಮೆನುವಿನಲ್ಲಿ ಆಬ್ಜೆಕ್ಟ್ ಟು ಪಾತ್ ಕೊಡಿ (ಅಕ್ಷರ ಗೆರೆಯ ಆಕಾರವಾಗುತ್ತದೆ), ಆಮೇಲೆ ಅನ್‌ಗ್ರೂಪ್ ಮಾಡಿ ಯೂನಿಯನ್ (ಇಲ್ಲಿನ ವೆಲ್ಡ್), ಎಸ್‌ವಿಜಿ ಅನ್ನುವ ಗೆರೆಚಿತ್ರದ ಫೈಲಾಗಿ ಸೇವ್ ಮಾಡಿ ಕಟಿಂಗ್‌ಗೆ ತನ್ನಿ. ಸಿಲೂಯೆಟ್‌ನ ಬೇಸಿಕ್ ಎಡಿಷನ್ ಎಸ್‌ವಿಜಿ ತೆರೆಯದಿದ್ದರೆ, ಡಿಎಕ್ಸ್‌ಎಫ್ ಅನ್ನುವ ಇನ್ನೊಂದು ಥರದ ಫೈಲ್ ಮಾಡಿಕೊಳ್ಳಿ. ಬಾಲ ಬೇಕಿದ್ದರೆ ಇಂಗ್ಲಿಷ್ ಫಾಂಟಿನ ಸುರುಳಿಯೊಂದನ್ನು ಪಾತ್ ಮಾಡಿ ಕೊನೆಯ ಅಕ್ಷರಕ್ಕೆ ಮುಟ್ಟಿಸಿ ಯೂನಿಯನ್ ಕೊಟ್ಟರೆ ಆಯಿತು. ಒತ್ತಕ್ಷರ ಮೇಲಿನ ಅಕ್ಷರಕ್ಕೆ ತಾಗದಿದ್ದರೆ ಬೇರೆ ತುಂಡಾಗಿಯೇ ಕಟ್ ಆಗುತ್ತದೆ, ಕಸದ ಜೊತೆ ಹೋಗದ ಹಾಗೆ ನೋಡಿಕೊಂಡು ಟ್ರಾನ್ಸ್‌ಫರ್ ಟೇಪ್ (ಎಲ್ಲ ತುಂಡನ್ನೂ ಜಾಗ ಕದಲದಂತೆ ಒಟ್ಟಿಗೆ ಎತ್ತುವ ಅಂಟು ಟೇಪ್) ಹಾಕಿಯೇ ಎತ್ತಿ.