ಗುಳೆ ಹೊರಟ ಮನೆಯ ಮಗುವಿನ ಮಾಹಿತಿ ದಾಟಿಸುವುದು ಹೇಗೆ

ರಾಯಚೂರಿನ ದೇವದುರ್ಗ, ಲಿಂಗಸುಗೂರು ಕಡೆಯ ಕುಟುಂಬ ಗುಳೆ ಹೊರಡುವ ಮುಂಚೆಯೇ ಅಂಗನವಾಡಿ ಕಾರ್ಯಕರ್ತೆ, ಆಶಾ, ಶಾಲೆಯ ಮುಖ್ಯ ಶಿಕ್ಷಕರು ಒಮ್ಮೆ ಕೂತು ಮಾತಾಡಬೇಕು. ಬಸ್ಸು ಹತ್ತಿದ ಮೇಲೆ ಹುಡುಕುವುದು ಬಲು ಕಷ್ಟ.

ಹೋಗುವ ಊರಿನ ಅಂಗನವಾಡಿಗೆ ಕಳಿಸಲು ಒಂದೇ ಹಾಳೆ ಸಾಕು: ಹೆಸರು, ವಯಸ್ಸು, ತೂಕ, ತೋಳಿನ ಸುತ್ತಳತೆ, ಬಾಕಿ ಲಸಿಕೆ, ಶಾಲಾ ಮಕ್ಕಳಿಗೆ ಸ್ಯಾಟ್ಸ್ ಸಂಖ್ಯೆ (ರಾಜ್ಯದ ಶಾಲಾ ದಾಖಲೆಯಲ್ಲಿ ಮಗುವಿನ ಗುರುತಿನ ಸಂಖ್ಯೆ), ಹೋಗುವ ಊರು, ಕೆಲಸಕ್ಕೆ ಕರೆದೊಯ್ಯುವ ಮೇಸ್ತ್ರಿಯ ಫೋನ್ ನಂಬರು. ಈ ಕೊನೆಯದನ್ನೇ ಮರೆಯುವುದು ಹೆಚ್ಚು. ತಂದೆಯ ಸಿಮ್ ಬದಲಾದರೂ ಮೇಸ್ತ್ರಿ ಸಿಗುತ್ತಾರೆ. 6 ತಿಂಗಳಿಂದ 5 ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಅದು ತೀವ್ರ ಅಪೌಷ್ಟಿಕತೆಯ ಗುರುತು; ಹಾಳೆಗೆ ಕಾಯದೆ ಅಂದೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿ. ತಾಯಿ ಕಾರ್ಡ್ (ತಾಯಿ ಮಗುವಿನ ತಪಾಸಣೆ, ಲಸಿಕೆ ಬರೆದಿಡುವ ಕಾರ್ಡ್) ತಾಯಿಯ ಕೈಯಲ್ಲೇ ಇರಲಿ, ನೀವು ಫೋಟೋ ಇಟ್ಟುಕೊಳ್ಳಿ.

ಏನು, ಯಾರಿಗೆ, ಯಾಕೆ ಅಂತ ತಂದೆ ತಾಯಿಗೆ ಹೇಳಿ ಒಪ್ಪಿಗೆ ಪಡೆಯಿರಿ. ಆದರೆ ಬಾಲ್ಯವಿವಾಹದ ಸುಳಿವು ಸಿಕ್ಕರೆ ಒಪ್ಪಿಗೆಗೆ ಕಾಯದೆ ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಿ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯವಾದರೆ, ಅದರಿಂದ ಮಕ್ಕಳನ್ನು ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಇಂಥದ್ದು ವಾಟ್ಸಾಪ್ ಗುಂಪಿನಲ್ಲಿ ಖಂಡಿತ ಬೇಡ: ಸುದ್ದಿ ಊರಿಗೆ ಹಬ್ಬಿದರೆ ಮದುವೆ ರಾತ್ರೋರಾತ್ರಿ ಬೇರೆಲ್ಲೋ ಮುಗಿದುಹೋಗುತ್ತದೆ.

ಹಾಳೆ ತಲುಪಿತೇ ಅಂತ ವಾರದೊಳಗೆ ಕುಟುಂಬ ಹೋದ ಊರಿನ ಅಂಗನವಾಡಿಗೆ ಕೇಳಿ, ಉತ್ತರ ಕೊಟ್ಟವರ ಹೆಸರು, ದಿನಾಂಕ ಬರೆದಿಡಿ.